ಒಲೆಯ ಹೊಗೆ ಮತ್ತು ಕಡಲ ಮೇಲಿನ ಮಬ್ಬು

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತ ಅಧ್ಯಾಯವೊಂದಿದೆ. ಆಹಾರ, ಪ್ರಕೃತಿ, ವಯಸ್ಸು ಬೇರೆ ಬೇರೆಯಾಗಿದ್ದರೂ ಒಂದು ಸೀಮೆಯ ಜನರೆಲ್ಲ ಏಕಕಾಲಕ್ಕೆ ರೋಗಪೀಡಿತರಾಗುವುದು ಹೇಗೆಂಬುದು ಅಲ್ಲಿನ ಪ್ರಶ್ನೆ. ವಾಯು, ಜಲ, ದೇಶ, ಕಾಲ ಇವು ಎಲ್ಲರಿಗೂ ಸಮಾನವಾದವು. ಅವು ಕೆಟ್ಟರೆ ಎಲ್ಲರ ಆರೋಗ್ಯವೂ ಕೆಡುತ್ತದೆ ಎಂಬುದು ಉತ್ತರ. ದೂಷಿತ ವಾಯುವಿನ ಲಕ್ಷಣಗಳಲ್ಲಿ ಧೂಳು, ಹೊಗೆಗಳನ್ನೂ ಅಲ್ಲಿ ಎಣಿಸಲಾಗಿದೆ.

ಗಾಳಿಗೆ ದೇಶದ ಗಡಿಯಿಲ್ಲ. ಆದುದರಿಂದ ಅದರ ಪರೀಕ್ಷೆಯನ್ನು ಹಲವು ದೇಶಗಳು ಕೂಡಿಯೇ ಮಾಡಬೇಕಾಗುತ್ತದೆ. ಅಂತಹ ಮಹತ್ತ್ವದ ಪ್ರಯತ್ನವೊಂದು 1999ರ ಜನವರಿಯಿಂದ ಮಾರ್ಚ್‌ವರೆಗೆ ಮಾಲ್ಡೀವ್ಸ್ ದ್ವೀಪಗಳನ್ನು ನೆಲೆಯಾಗಿಸಿಕೊಂಡು ನಡೆಯಿತು. ‘ಇಂಡೋಎಕ್ಸ್’ ಎಂಬ ಹೆಸರಿನ ಈ ಹಿಂದೂ ಮಹಾಸಾಗರ ಪ್ರಯೋಗದಲ್ಲಿ ಭಾರತ, ಅಮೆರಿಕ, ಯುರೋಪಿನ ದೇಶಗಳು ಹಾಗೂ ಮಾಲ್ಡೀವ್ಸ್‌ನ ವಿಜ್ಞಾನಿಗಳು ಪಾಲ್ಗೊಂಡರು. ನಮ್ಮ ದೇಶದ ‘ಸಾಗರ ಕನ್ಯಾ’ ಸಂಶೋಧನಾ ನೌಕೆಯೂ ಅದರಲ್ಲಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್ ಮತ್ತು 1995ರ ನೊಬೆಲ್ ಪುರಸ್ಕೃತ ಪಾಲ್ ಕ್ರುಟ್ಜನ್ ಇದರ ಮುಂದಾಳುಗಳು.

ಚಳಿಗಾಲವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಆಗ ಗಾಳಿಯು ನೆಲದಿಂದ ಕಡಲಿನತ್ತ ಬೀಸುತ್ತದೆ. ಮಳೆ ವಿರಳವಾದ್ದರಿಂದ ಹೊಗೆಯು ತೊಳೆದುಹೋಗುವುದಿಲ್ಲ. ಸಮಭಾಜಕ ವೃತ್ತವನ್ನು ದಾಟಿ ದಕ್ಷಿಣಕ್ಕೆ ಹೋದರೆ ಗಾಳಿ ನಿರ್ಮಲವಾಗಿರುತ್ತದೆ. ಹೀಗೆ ಕೆಟ್ಟ ಗಾಳಿ, ಶುದ್ಧ ಗಾಳಿಗಳೆರಡನ್ನೂ ಒಂದೇ ಕಡಲಿನ ಮೇಲೆ ಹೋಲಿಸಿ ನೋಡಲು ಸಾಧ್ಯವಾಯಿತು. ಉತ್ತರ ಹಿಂದೂ ಮಹಾಸಾಗರದ ಮೇಲೆ ಸುಮಾರು 3 ಕಿಲೋಮೀಟರ್ ಎತ್ತರದವರೆಗೆ ಕಂದು ಬಣ್ಣದ ಮಬ್ಬು ಹರಡಿದ್ದುದು ಕಂಡುಬಂದಿತು. ಅದರ ಬಹುಭಾಗ ಮನುಷ್ಯರ ಚಟುವಟಿಕೆಯಿಂದಲೇ ಹುಟ್ಟಿದ್ದು. ಅದರಲ್ಲಿನ ಮಸಿಯು ಬಿಸಿಲನ್ನು ಹೀರಿ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಡಲನ್ನು ಮುಟ್ಟುವ ಬಿಸಿಲು ಅಷ್ಟರಮಟ್ಟಿಗೆ ಕುಗ್ಗುತ್ತದೆ. ಇದರಿಂದ ನೀರು ಆವಿಯಾಗುವುದು ಕಡಿಮೆಯಾಗಿ ಮುಂಗಾರಿಗೂ ಧಕ್ಕೆಯಾಗಬಹುದೆಂದು ವಿಜ್ಞಾನಿಗಳು ಎಚ್ಚರಿಸಿದರು.

ನಿದಾನವಿಲ್ಲದೆ ಚಿಕಿತ್ಸೆಯಿಲ್ಲ. ಈ ಹೊಗೆ ವಾಹನ, ಕಾರ್ಖಾನೆಗಳದೋ, ಸೌದೆಯ ಒಲೆ ಮತ್ತು ಹೊಲದ ಬೆಂಕಿಯದೋ? ಸ್ವೀಡನ್ನಿನ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇತರ ದೇಶಗಳ ಸಂಶೋಧಕರೊಡನೆ ಮಾಲ್ಡೀವ್ಸ್‌ನ ಹನಿಮಾಧೂ ದ್ವೀಪದಲ್ಲಿಯೂ ಪುಣೆಯ ಬಳಿಯ ಸಿಂಹಗಡದಲ್ಲಿಯೂ ಗಾಳಿಯ ಕಣಗಳನ್ನು ಸಂಗ್ರಹಿಸಿದರು. ಇತ್ತೀಚೆಗೆ ಬೆಳೆದ ಸೌದೆ, ಹುಲ್ಲು, ಬೆರಣಿಗಳಲ್ಲಿ ‘ಇಂಗಾಲ 14’ ಎಂಬ ವಿಕಿರಣಶೀಲ ಅಂಶವಿರುತ್ತದೆ. ಕೋಟ್ಯಂತರ ವರ್ಷ ಹುದುಗಿದ್ದ ಕಲ್ಲಿದ್ದಲು, ಡೀಸೆಲ್‌ಗಳಲ್ಲಿ ಅದು ಪೂರ್ಣವಾಗಿ ನಶಿಸಿರುತ್ತದೆ. ಇದನ್ನು ಅಳೆದರೆ ಮಸಿಯ ಮೂಲವು ತಿಳಿಯುತ್ತದೆ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಇಂಗಾಲಯುಕ್ತ ಕಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಸೌದೆ, ಬೆರಣಿ, ಕೃಷಿತ್ಯಾಜ್ಯಗಳನ್ನು ಸುಟ್ಟುದರಿಂದ ಬಂದಿದ್ದವು. ಹಾಗೆಂದು ವಾಹನ, ಕಾರ್ಖಾನೆಗಳು ನಿರ್ದೋಷಿಗಳಲ್ಲ. ಉಳಿದ ಪಾಲು ಅವುಗಳದು.

ಕಡಲಿಗೆ ಹೋದ ಆ ಹೊಗೆ ಮೊದಲು ಹೊಕ್ಕಿದ್ದು ಒಲೆಯ ಮುಂದೆ ಕುಳಿತ ತಾಯಿಯ ಶ್ವಾಸಕೋಶವನ್ನು. ತಂಬಾಕನ್ನೇ ಮುಟ್ಟದ ಸ್ತ್ರೀಯರಲ್ಲಿ ವೈದ್ಯರಾದ ನಾವು ಕಾಣುವ ದೀರ್ಘಕಾಲದ ಕೆಮ್ಮು, ದಮ್ಮುಗಳಿಗೆ ಇದೊಂದು ಮುಖ್ಯ ಕಾರಣ. ಚಿಕ್ಕ ಮಕ್ಕಳಲ್ಲಿ ನ್ಯುಮೋನಿಯಾದ ಅಪಾಯವನ್ನೂ ಇದು ಹೆಚ್ಚಿಸುತ್ತದೆ. ಕಾರಣವು ಹಾಗೆಯೇ ಉಳಿದಿರುವಾಗ ಯಾವ ಕಷಾಯ, ಲೇಹ್ಯಗಳೂ ಪೂರ್ಣ ಫಲ ನೀಡಲಾರವು. ನಿದಾನ ಪರಿವರ್ಜನವೇ ಮೊದಲ ಚಿಕಿತ್ಸೆ.

ಸಮಾಧಾನದ ಸಂಗತಿಯೊಂದಿದೆ. ಇಂಗಾಲದ ಡೈ ಆಕ್ಸೈಡ್ ಶತಮಾನಗಳ ಕಾಲ ವಾತಾವರಣದಲ್ಲಿ ಉಳಿಯುತ್ತದೆ. ಮಸಿಯಾದರೋ ಕೆಲವು ದಿನಗಳಿಂದ ಒಂದೆರಡು ವಾರಗಳವರೆಗೆ ಮಾತ್ರ. ಹೊಗೆಯನ್ನು ನಿಲ್ಲಿಸಿದರೆ ಫಲವು ಬೇಗನೆ ದೊರೆಯುತ್ತದೆ. ಆದುದರಿಂದ ಅನುಕೂಲವಿರುವವರು ಅಡುಗೆಗೆ ಅನಿಲವನ್ನೇ ಬಳಸಬೇಕು. ಸೌದೆ ಅನಿವಾರ್ಯವಾದಲ್ಲಿ ಚೆನ್ನಾಗಿ ಒಣಗಿದ ಕಟ್ಟಿಗೆಯನ್ನೂ ಹೊಗೆ ಕೊಳವೆಯುಳ್ಳ ಒಲೆಯನ್ನೂ ಉಪಯೋಗಿಸಿ, ಕಿಟಕಿಯನ್ನು ತೆರೆದಿಡಬೇಕು. ಮಕ್ಕಳನ್ನು ಒಲೆಯ ಬಳಿ ಕೂರಿಸಬಾರದು. ಕಬ್ಬಿನ ರವದಿ, ತರಗೆಲೆಗಳನ್ನು ಸುಡದೆ ಗೊಬ್ಬರವಾಗಿಸಬೇಕು. ಮೂರು ವಾರ ಮೀರಿದ ಕೆಮ್ಮನ್ನು ಉಪೇಕ್ಷಿಸದೆ ವೈದ್ಯರಿಗೆ ತೋರಿಸಬೇಕು. ಮನೆಯ ಯಜಮಾನರು ಒಂದು ದಿನ ತಾವೇ ಅಡುಗೆಮನೆಯಲ್ಲಿ ಕುಳಿತು, ಹೊಗೆ ಎತ್ತ ಹೋಗುತ್ತದೆಂಬುದನ್ನು ನೋಡಲಿ ಎಂದು ಭಕ್ತರಲ್ಲಿ ವಿನಂತಿಸುತ್ತೇವೆ.