ಬಿಟ್ಟವರ ನಡುವೆ ಬಿಡುವವನು

2019ರ ಜನವರಿ 19ರಂದು ಚಿತ್ರದುರ್ಗದಿಂದ ಸಾವಿರಾರು ಹೆಂಗಸರು ಬೆಂಗಳೂರಿನತ್ತ ಹೆಜ್ಜೆ ಹಾಕಿದರು. ಮದ್ಯ ನಿಷೇಧವಾಗಬೇಕು ಎಂಬುದೊಂದೇ ಬೇಡಿಕೆ. ಹಿರಿಯೂರು, ಶಿರಾ, ತುಮಕೂರು ದಾಟಿ ಸುಮಾರು 200 ಕಿಲೋಮೀಟರ್ ನಡೆದು 30ರಂದು ರಾಜಧಾನಿ ಮುಟ್ಟಿದರು. ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ಒಬ್ಬಾಕೆ ಜೀವ ಬಿಟ್ಟರು. ನಿಷೇಧವೇನೂ ಬರಲಿಲ್ಲ.

ಬಂದಿದ್ದರೂ ಒಂದು ಪ್ರಶ್ನೆ ಉಳಿಯುತ್ತಿತ್ತು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಎಷ್ಟೋ ಜನ ಅಗ್ಗದ ವಿಸ್ಕಿ, ಬ್ರಾಂದಿಗೆ ಹೊರಳಿಕೊಂಡರು. ಬಿಡಲೇಬೇಕೆಂದು ಮನಸ್ಸು ಮಾಡಿದವನು ಹೋಗುವುದೆಲ್ಲಿಗೆ? ಅದೇ 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡ 38 ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ಸಿಕ್ಕಿರುವುದು ಒಬ್ಬರಿಗೆ ಮಾತ್ರ.

ಹಟ ಹಿಡಿದು ಒಂದೇ ದಿನಕ್ಕೆ ಬಿಡುವುದನ್ನು ಊರ ಜನ ಗಂಡಸುತನವೆಂದು ಹೊಗಳುತ್ತಾರೆ. ವೈದ್ಯರಿಗೆ ಅದನ್ನು ಕೇಳಿದರೆ ಗಾಬರಿ. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಗಳ ಓಟಕ್ಕೆ ಬ್ರೇಕ್ ಹಾಕುತ್ತದೆ. ಗ್ಲುಟಮೇಟ್ ವೇಗ ಕೊಡುತ್ತದೆ. ಮದ್ಯ ಬ್ರೇಕನ್ನೇ ಬಲಪಡಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಮೆದುಳು ಅದನ್ನು ಸರಿದೂಗಿಸಲು ಬ್ರೇಕನ್ನು ಸಡಿಲಿಸಿ, ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಒಮ್ಮೆಲೇ ನಿಲ್ಲಿಸಿದಾಗ ಉಳಿಯುವುದು ವೇಗ ಮಾತ್ರ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು–ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ತಾನೆಲ್ಲಿದ್ದೇನೆಂಬುದೂ ತಿಳಿಯುವುದಿಲ್ಲ. ಈ ಹಂತದಲ್ಲಿ ಸಾವೂ ಸಂಭವಿಸುತ್ತದೆ. ಆದ್ದರಿಂದ ಬೆಳಗ್ಗೆ ಏಳುತ್ತಲೇ ಕುಡಿಯಬೇಕಾದವರು, ಹಿಂದೆ ಫಿಟ್ಸ್ ಬಂದವರು ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ. ಕೆಲವು ದಿನಗಳ ಮಾತ್ರೆ ಮತ್ತು ಥಯಾಮಿನ್, ಅಂದರೆ ಬಿ1 ಜೀವಸತ್ವ, ಈ ಗಂಡಾಂತರವನ್ನು ದಾಟಿಸುತ್ತವೆ.

ಕಷ್ಟ ಶುರುವಾಗುವುದು ಆಮೇಲೆ. ಮೈಯಿಂದ ಮದ್ಯ ಇಳಿದಿರುತ್ತದೆ, ಊರು ಮಾತ್ರ ಹಳೆಯದೇ. ಹೊಳಲ್ಕೆರೆಯಲ್ಲಿ ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಸಂಜೆ, ಹೊಸದುರ್ಗದ ಸಂತೆಯಲ್ಲಿ ಸಿಕ್ಕ ಹಳೇ ಗೆಳೆಯ, ಮದುವೆಮನೆಯ ಹಿಂಭಾಗದ ಗುಂಪು: ಯಾವುದೂ ಬದಲಾಗಿರುವುದಿಲ್ಲ. ಅಮೆರಿಕದಲ್ಲಿ 1,726 ಮಂದಿಯ ಮೇಲೆ ನಡೆದ ‘ಪ್ರಾಜೆಕ್ಟ್ ಮ್ಯಾಚ್’ ಅಧ್ಯಯನ ಇದನ್ನೇ ಹಿಡಿದು ತೋರಿಸಿತು. ಸುತ್ತಲಿನವರೆಲ್ಲ ಕುಡಿಯುವವರೇ ಆಗಿದ್ದವರಿಗೆ, ಮೂರು ವರ್ಷಗಳ ನಂತರ ನೋಡಿದಾಗ, ಹೆಚ್ಚು ನೆರವಾಗಿದ್ದದ್ದು ಕುಡಿತ ಬಿಟ್ಟವರ ಕೂಟಕ್ಕೆ ದಾರಿ ಮಾಡಿಕೊಟ್ಟ ಚಿಕಿತ್ಸೆ.

ಆ ಕೂಟದ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್, ಇಬ್ಬರೂ ಕುಡುಕರೇ, ಪರಸ್ಪರ ಮಾತಾಡುತ್ತ ಕುಡಿಯದೆ ಉಳಿದದ್ದು ಅದರ ಹುಟ್ಟು. ಭಾರತಕ್ಕೆ ಬಂದದ್ದು 1957ರಲ್ಲಿ. ಶುಲ್ಕವಿಲ್ಲ, ದಾಖಲಾತಿಯಿಲ್ಲ. ಒಬ್ಬರು ತಮ್ಮ ಕಥೆ ಹೇಳುವಾಗ ಉಳಿದವರು ಕೇಳುತ್ತಾರೆ, ಬುದ್ಧಿ ಹೇಳುವಂತಿಲ್ಲ. ಇದು ಬರೀ ನಂಬಿಕೆಯ ಮಾತೇ ಎಂಬ ಅನುಮಾನಕ್ಕೆ 2020ರ ಕಾಕ್ರೇನ್ ವಿಮರ್ಶೆ ಉತ್ತರ ಕೊಟ್ಟಿತು. ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ 27 ಅಧ್ಯಯನಗಳನ್ನು ಅದು ಜರಡಿ ಹಿಡಿಯಿತು. ಎ.ಎ. ಜೊತೆ ಬೆಸೆಯುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಕೊನೆಗೆ ಪೂರ್ತಿ ಕುಡಿಯದೆ ಇದ್ದವರು ಸುಮಾರು ಶೇ 42. ಬೇರೆ ಮನೋಚಿಕಿತ್ಸೆಗಳಲ್ಲಿ ಶೇ 35. ಪವಾಡವೇನಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಮತ್ತೆ ಕುಡಿದಿದ್ದಾರೆ ಎಂದೂ ಇದನ್ನು ಓದಬಹುದು.

ಅನಾಮಿಕತೆ ಎ.ಎ.ಯ ಉಸಿರು. ಆದರೆ ಕುಡಿದು ಬಿದ್ದವನ ಹೆಸರು ಬೀದಿಗೆಲ್ಲ ಗೊತ್ತಿರುವ ಸಣ್ಣ ಊರಲ್ಲಿ ಹೆಸರು ಮುಚ್ಚಿಡುವುದಾದರೂ ಹೇಗೆ? ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನೇರ ಎದುರಿನ ದಾರಿ ಹಿಡಿದಿವೆ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ. ಊರ ಪ್ರಮುಖರೇ ವ್ಯವಸ್ಥಾಪಕರು. ಹೆಂಡತಿ, ಅಮ್ಮ ಬಂದು ಕೂರುತ್ತಾರೆ. ಶಿಬಿರ ಮುಗಿಸಿದವರು ಸೇರುವುದು ‘ನವಜೀವನ ಸಮಿತಿ’ಗೆ. ನೂರು ದಿನ ತುಂಬಿದರೆ ‘ಶತದಿನೋತ್ಸವ’. ರಾಜ್ಯದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಶಿಬಿರಗಳು ನಡೆದಿವೆ. ಶಿಬಿರದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಸಮಿತಿಯ ಸುದ್ದಿ ಬರುವುದಿಲ್ಲ. ಬೆಲೆ ಹೆಚ್ಚು ಎರಡನೆಯದಕ್ಕೇ, ಏಕೆಂದರೆ ಎಂಟು ದಿನದಲ್ಲಿ ಗೆಳೆಯರ ಬಳಗ ಬದಲಾಗುವುದಿಲ್ಲ.

ಯಾವುದು ಮೇಲು? ದೇವರ ಮುಂದೆ, ಊರ ಮುಂದೆ ಮಾತು ಕೊಟ್ಟವನಿಗೆ ಆ ಸಾಕ್ಷಿಯೇ ಬಲ. ಆದರೆ ಜಾರಿ ಮತ್ತೆ ಕುಡಿದರೆ ಅದೇ ಸಾಕ್ಷಿ ನಾಚಿಕೆಯಾಗಿ ಅವನನ್ನು ಸಮಿತಿಯಿಂದ ದೂರ ಇಡಬಹುದು. ಎ.ಎ.ಯಲ್ಲಿ ಜಾರಿದವನೂ ಮರುವಾರ ಬಂದು ಕೂರಬಹುದು. ಹೆಂಗಸರಿಗಂತೂ ಗುಟ್ಟು ಉಳಿಯುವುದೇ ಮುಖ್ಯ. ಊರ ಎದುರು ಒಪ್ಪಿಕೊಳ್ಳುವುದು ಅವರಿಗೆ ಹತ್ತು ಪಟ್ಟು ಕಷ್ಟ. ಊರಿನವರ ಕಣ್ಣಿಗೆ ಅಂಜುವವರು ಪಕ್ಕದ ಊರಿನ, ಇಲ್ಲವೇ ಫೋನಿನಲ್ಲೇ ನಡೆಯುವ ಆನ್‌ಲೈನ್ ಸಭೆ ಹುಡುಕಬಹುದು.

ಹುಡುಕುವುದಕ್ಕೆ ಕೆಲವು ಬಾಗಿಲುಗಳಿವೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446; ಮನಸ್ಸಿನ ತೊಂದರೆಗೆ ಟೆಲಿಮನಸ್‌ನ 14416, ಇದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳುಹಿಸುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿದೆ. ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಎ.ಎ. ಸಭೆಗಳ ಜಾಗ, ವೇಳೆ ಬದಲಾಗುತ್ತಿರುವುದರಿಂದ ಹೊರಡುವ ಮೊದಲು ಫೋನ್ ಮಾಡಬೇಕು. ‘ಓಪನ್’ ಸಭೆಗೆ ಮನೆಯವರೂ ಹೋಗಬಹುದು, ‘ಕ್ಲೋಸ್ಡ್’ ಸಭೆ ಬಿಡಬೇಕೆನ್ನುವವರಿಗೆ ಮಾತ್ರ. ಮೊದಲ ದಿನ ಬಾಯಿ ತೆರೆಯಬೇಕಾಗಿಲ್ಲ. ಕಡೇ ಸಾಲಿನಲ್ಲಿ ಕೂತು ಕೇಳಿ, ಹೊರಡುವ ಮುಂಚೆ ಬಿಟ್ಟು ವರ್ಷಗಳಾದ ಒಬ್ಬರ ನಂಬರು ಬರೆದುಕೊಂಡರೆ, ಸಂಜೆ ಏಳರ ಹೊತ್ತಿಗೆ ಆಸೆ ಎದ್ದಾಗ ಕರೆ ಮಾಡಲು ಒಬ್ಬರಿರುತ್ತಾರೆ. ಮನೆಯವರಿಗೆಂದೇ 1951ರಿಂದ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಗಂಡ ಬರಲು ಒಪ್ಪದಿದ್ದರೂ ಹೆಂಡತಿ ಅಲ್ಲಿಗೆ ಒಬ್ಬಳೇ ಹೋಗಬಹುದು.