ಸೀಮ್‌ಲೆಸ್ ಕೊಳವೆಯೇ ಬೇಕೇ?

ಪ್ರಶ್ನೆ: ಹೀಟ್ ಎಕ್ಸ್‌ಚೇಂಜರ್‌ಗೆ ವೆಲ್ಡೆಡ್ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಹಾಕಿದರೆ ಬೆಸುಗೆಯಲ್ಲೇ ಸೀಳುವುದಿಲ್ಲವೇ? ಸೀಮ್‌ಲೆಸ್ಸೇ ಒಳ್ಳೆಯದಲ್ಲವೇ?
— ಓದುಗರೊಬ್ಬರು, ಹೊಸಹಳ್ಳಿ, ಕೂಡ್ಲಿಗಿ ತಾಲ್ಲೂಕು

ಉತ್ತರ: ಕೆಲಸ ನೋಡಿ ಹೇಳಬೇಕು. ನಿಮ್ಮ ಕಡೆಯವರಿಗೆ ಕುಡತಿನಿಯ ಬಳ್ಳಾರಿ ಶಾಖೋತ್ಪನ್ನ ಕೇಂದ್ರ ಗೊತ್ತಿರುತ್ತದೆ. ಅಂಥ ಕೇಂದ್ರಗಳ ಕಂಡೆನ್ಸರ್‌ನಲ್ಲಿ ಟರ್ಬೈನ್ ದಾಟಿ ಬಂದ ಹಬೆ ಸಾವಿರಾರು ಕೊಳವೆಗಳ ಹೊರಮೈಗೆ ತಾಗಿ ನೀರಾಗುತ್ತದೆ. ಒಳಗೆ ತಣ್ಣೀರು ಹರಿಯುತ್ತಿರುತ್ತದೆ. ಹೊರಗೆ ನಿರ್ವಾತ, ಒಳಗೆ ಅಲ್ಪ ಒತ್ತಡ. ಈ ಬಗೆಯ ಕೆಲಸಕ್ಕೆ ವೆಲ್ಡೆಡ್ ಕೊಳವೆಗಳು ಜಗತ್ತಿನೆಲ್ಲೆಡೆ ಬಳಕೆಯಲ್ಲಿವೆ.

ಅವುಗಳ ತಯಾರಿಯೇ ಧೈರ್ಯ ಕೊಡುವಂಥದ್ದು. ತೆಳು ಪಟ್ಟಿಯನ್ನು ರೋಲರ್‌ಗಳ ನಡುವೆ ದುಂಡಗೆ ಬಾಗಿಸಿ, ಅಂಚುಗಳನ್ನು ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆದು, ಬೆಸುಗೆಯ ಉಬ್ಬನ್ನು ಒತ್ತಿ ಸಮಮಾಡಿ, 1040 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಬೇಗನೆ ತಣಿಸುತ್ತಾರೆ. ಗೋಡೆಯ ದಪ್ಪ ಸುತ್ತಲೂ ಹೆಚ್ಚುಕಡಿಮೆ ಒಂದೇ. ಕಾದ ಸರಳನ್ನು ತೂರಿ ಎಳೆದ ಸೀಮ್‌ಲೆಸ್‌ನಲ್ಲಿ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗುವುದುಂಟು.

ಆದರೂ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘದ (ಎಎಸ್‌ಎಂಇ) ಸಂಹಿತೆ ಸಾಮಾನ್ಯವಾಗಿ ವೆಲ್ಡೆಡ್ ಕೊಳವೆಗೆ ಸೀಮ್‌ಲೆಸ್‌ನ ಶೇ 85ರಷ್ಟು ಬಲವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಅಧಿಕ ಒತ್ತಡವಿದ್ದು, ಸೋರಿದರೆ ಅನಾಹುತವಾಗುವಲ್ಲಿ ಸೀಮ್‌ಲೆಸ್ಸೇ ಸರಿ. ಕೈಗಾ ಅಣು ವಿದ್ಯುತ್ ಕೇಂದ್ರದ ಹಬೆ ಉತ್ಪಾದಕಗಳಲ್ಲಿ ಇನ್‌ಕಲಾಯ್-800 ಎಂಬ ಮಿಶ್ರಲೋಹದ ಸೀಮ್‌ಲೆಸ್ ಕೊಳವೆಗಳಿವೆ.

ನೀವು ಬಳಸುವುದು ಬೋರ್‌ವೆಲ್ ನೀರಾದರೆ ಮೊದಲು ಅದರ ಕ್ಲೋರೈಡ್ ಅಂಶ ಪರೀಕ್ಷೆ ಮಾಡಿಸಿ. ಉಪ್ಪಿನಂಶ ಹೆಚ್ಚಿದ್ದರೆ 304 ದರ್ಜೆಯ ಉಕ್ಕು ಸೀಮ್‌ಲೆಸ್ ಆಗಿದ್ದರೂ ತೂತು ಬೀಳುತ್ತದೆ. ಅಲ್ಲಿ ಬದಲಿಸಬೇಕಾದದ್ದು ದರ್ಜೆಯನ್ನು. ವೆಲ್ಡೆಡ್ ಕೊಳ್ಳುವುದಾದರೆ ಬಿರುಕು ಪತ್ತೆಹಚ್ಚುವ ಎಡ್ಡಿ ಕರೆಂಟ್ ಪರೀಕ್ಷೆಯ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ.