ನಂದಿನಿ ಯಾರದ್ದು? ಸಹಕಾರ ಸಂಘದ ಪಾಠಕ್ಕೊಂದು ಪೀಠಿಕೆ

ವಿಜಯನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಒಂಬತ್ತನೆಯ ತರಗತಿಗೆ ಖಾಲಿ ಹಾಲಿನ ಪ್ಯಾಕೆಟ್ ತೋರಿಸಿ, ‘ನಂದಿನಿ ಯಾರದ್ದು?’ ಎಂದು ಕೇಳಿದೆ. ‘ಸರ್ಕಾರದ್ದು’, ‘ಕಂಪನಿಯದ್ದು’ ಎಂದರು ಮಕ್ಕಳು. ಒಬ್ಬ ಹುಡುಗಿ ಮಾತ್ರ, ‘ಮಾಗಡಿ ಹತ್ರ ನಮ್ಮಜ್ಜಿ ಡೈರಿಗೆ ಹಾಲು ಹಾಕ್ತಾರೆ ಮಿಸ್’ ಎಂದಳು. ಪಾಠ ಅಲ್ಲಿಂದಲೇ ಶುರುವಾಯಿತು.

ಆ ‘ಡೈರಿ’ ಎಂದರೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘ. ಹಾಲು ಹಾಕುವವರೇ ಷೇರು ಕೊಂಡು ಸದಸ್ಯರಾಗುತ್ತಾರೆ, ತಮ್ಮೊಳಗಿಂದಲೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಸಂಘಗಳು ಸೇರಿ ಹಾಲು ಒಕ್ಕೂಟ. ಒಕ್ಕೂಟಗಳು ಸೇರಿ ಕರ್ನಾಟಕ ಹಾಲು ಮಹಾಮಂಡಳ. ನಂದಿನಿ ಇದರ ಬ್ರಾಂಡ್.

ಕಂಪನಿಗೂ ಸಂಘಕ್ಕೂ ಇರುವ ವ್ಯತ್ಯಾಸವನ್ನು ಒಂದು ಲೆಕ್ಕದಿಂದ ತಿಳಿಸಿದೆ. ಒಬ್ಬರು ದಿನಕ್ಕೆ 4 ಲೀಟರ್, ಇನ್ನೊಬ್ಬರು 20 ಲೀಟರ್ ಹಾಕುತ್ತಾರೆ. ಲೆಕ್ಕಕ್ಕಾಗಿ ಲೀಟರಿಗೆ 30 ರೂಪಾಯಿ ಎಂದುಕೊಂಡರೆ ಒಬ್ಬರಿಗೆ 120, ಇನ್ನೊಬ್ಬರಿಗೆ 600. ಜಿಡ್ಡಿನಂಶದ ಜತೆಗೆ ಜಿಡ್ಡೇತರ ಘನಾಂಶವನ್ನೂ ನೋಡಿ ದರ ಕಟ್ಟುವುದರಿಂದ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್‌ನ ವಿಜ್ಞಾನ ಪಾಠವನ್ನೂ ಇಲ್ಲಿಗೆ ಜೋಡಿಸಬಹುದು. ಆದರೆ ಚುನಾವಣೆಯಲ್ಲಿ ಇಬ್ಬರಿಗೂ ಒಂದೊಂದೇ ಮತ. ಕಂಪನಿಯಲ್ಲಿ ಷೇರು ಹೆಚ್ಚಿದ್ದವರ ಮತವೂ ಹೆಚ್ಚು. ಹಣಕ್ಕೆ ಹಾಲಿನ ಅಳತೆ, ಮಾತಿಗೆ ಮನುಷ್ಯನ ಅಳತೆ: ಸಾಮಾಜಿಕ ಅರ್ಥವ್ಯವಸ್ಥೆ ಎಂಬ ಭಾರದ ಪದವನ್ನು ಮಕ್ಕಳು ಹೀಗೆ ಹಿಡಿದರು. ಒಂದೇ ಹಸು ಇರುವ ಮನೆಗೂ ದಿನವೂ ಖಾತ್ರಿ ಮಾರುಕಟ್ಟೆ ಸಿಗುವುದು, ಸಂಘದ ಲಾಭದಲ್ಲಿ ಒಂದು ಪಾಲು ಬೋನಸ್ಸಾಗಿ ಸದಸ್ಯರಿಗೆ ಮರಳುವುದು ಇದರ ಫಲ.

ಇದು ನಮ್ಮ ನಾಡಿಗೆ ಹೊಸತಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದಲ್ಲೇ ಅದು ಮೊದಲನೆಯದೆಂದು ಹೆಸರಾಗಿದೆ. ಬೆಂಗಳೂರಿನವರಿಗೆ ಪರಿಚಿತವಾದ ಹಾಪ್‌ಕಾಮ್ಸ್ ಕೂಡ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಆರಂಭವಾದದ್ದು.

ಪಾಠ ಮುಗಿಯಿತು ಎನ್ನುವಾಗ ಅದೇ ಹುಡುಗಿ ಕೇಳಿದಳು: ‘ಹಾಲು ಕರೆಯೋದು ಅಜ್ಜಿ, ಪಾಸ್‌ಬುಕ್ ಇರೋದು ತಾತನ ಹೆಸರಲ್ಲಿ. ವೋಟು ಯಾರದ್ದು ಮಿಸ್?’ ಸದಸ್ಯರಾಗಿ ಯಾರ ಹೆಸರಿದೆಯೋ ಅವರದ್ದೇ, ಎಂದೆ. ತರಗತಿ ಸುಮ್ಮನಾಯಿತು. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲೇ ಇಲ್ಲ. ಮರುದಿನ ಮಹಿಳೆಯರೇ ಸದಸ್ಯರಾಗಿ ನಡೆಸುವ ಮಹಿಳಾ ಹಾಲು ಉತ್ಪಾದಕರ ಸಂಘಗಳ ಬಗ್ಗೆ ಹೇಳಿದೆ. ಈ ಪಾಠ ಮಾಡುವ ಸಹಪಾಠಿಗಳು ಮೊದಲ ದಿನವೇ ಆ ಪ್ರಶ್ನೆಯನ್ನು ಮಕ್ಕಳ ಮುಂದಿಡಲಿ. ಸಂಘದಲ್ಲಿ ಎಲ್ಲರೂ ಸಮಾನರು ಎನ್ನುವಾಗ, ಆ ‘ಎಲ್ಲರೂ’ ಯಾರೆಂದು ಮಕ್ಕಳು ಎಣಿಸಿ ನೋಡಲಿ.